2147483647: ಗಡಿಯೂ ಹೌದು, ಅವಿಭಾಜ್ಯವೂ ಹೌದು

ಇವತ್ತು ಬ್ಯಾಂಕಿನಲ್ಲಿ ಇಪ್ಪತ್ತು ವರ್ಷದ ಗೃಹಸಾಲ ತೆಗೆದುಕೊಂಡರೆ ಕೊನೆಯ ಕಂತು ಬೀಳುವುದು 2040ರ ದಶಕದಲ್ಲಿ. ಅಂಚೆ ಕಚೇರಿಯಲ್ಲಿ ಹದಿನೈದು ವರ್ಷದ ಪಿಪಿಎಫ್ ಖಾತೆ ತೆರೆದರೂ ಅದರ ಅವಧಿ ಮುಗಿಯುವ ಹೊತ್ತಿಗೆ 2040 ದಾಟಿರುತ್ತದೆ. ಈ ಲೆಕ್ಕಗಳೆಲ್ಲ ನಡುವೆ ಒಂದು ದಿನವನ್ನು ಹಾದು ಹೋಗಬೇಕು: 2038ರ ಜನವರಿ 19, ಮಂಗಳವಾರ. ಅಂದು ಬೆಳಿಗ್ಗೆ ನಮ್ಮ ಕಾಲಮಾನದಲ್ಲಿ 8 ಗಂಟೆ 44 ನಿಮಿಷ 7 ಸೆಕೆಂಡ್ ಆದಾಗ, ಹಳೆಯ ಮಾದರಿಯ ಗಡಿಯಾರ ಇಟ್ಟುಕೊಂಡಿರುವ ಕಂಪ್ಯೂಟರುಗಳ ಎಣಿಕೆ 2147483647ಕ್ಕೆ ಬಂದು ನಿಲ್ಲುತ್ತದೆ. ಅದರ ಮುಂದಿನ ಸೆಕೆಂಡನ್ನು ಬರೆದುಕೊಳ್ಳಲು ಅವುಗಳಲ್ಲಿ ಜಾಗವಿಲ್ಲ.

ಇದೇ ಸಂಖ್ಯೆ ಗಣಿತಜ್ಞರಿಗೆ ಕಂಪ್ಯೂಟರು ಹುಟ್ಟುವುದಕ್ಕೆ ಬಹಳ ಮೊದಲೇ ಪರಿಚಿತ. 1772ರಿಂದ ಎಂಬತ್ತು ವರ್ಷಕ್ಕೂ ಮಿಕ್ಕಿ ಅದು ಮನುಷ್ಯರಿಗೆ ಗೊತ್ತಿದ್ದ ಅತಿ ದೊಡ್ಡ ಅವಿಭಾಜ್ಯ ಸಂಖ್ಯೆಯಾಗಿತ್ತು. ಗಣಿತಜ್ಞರು ಅದರ ಬೆನ್ನು ಬಿದ್ದ ಕಾರಣ ಬೇರೆ, ಇಂಜಿನಿಯರುಗಳು ಅದಕ್ಕೆ ಅಂಜುವ ಕಾರಣ ಬೇರೆ. ಈ ಎರಡನ್ನೂ ಒಂದೇ ಎಂದುಕೊಂಡು ಗೊಂದಲ ಮಾಡಿಕೊಳ್ಳುವವರು ಕಡಿಮೆಯಿಲ್ಲ.

ಈ ಸಂಖ್ಯೆ ಬಂದದ್ದು ಎಲ್ಲಿಂದ?

ನಮ್ಮ ಕ್ರಮದಲ್ಲಿ ಓದಿದರೆ ಇದು ಇನ್ನೂರ ಹದಿನಾಲ್ಕು ಕೋಟಿ ಎಪ್ಪತ್ನಾಲ್ಕು ಲಕ್ಷ ಎಂಬತ್ಮೂರು ಸಾವಿರದ ಆರುನೂರ ನಲವತ್ತೇಳು. ಹತ್ತು ಅಂಕಿಗಳ ಸಂಖ್ಯೆ. ಭಾರತದ ಜನಸಂಖ್ಯೆ ಇದರೊಳಗೆ ಹಿಡಿಸುತ್ತದೆ, ಪ್ರಪಂಚದ ಜನಸಂಖ್ಯೆ ಹಿಡಿಸುವುದಿಲ್ಲ. ಅಂಕಿಗಳನ್ನು ನೋಡಿದರೆ ಯಾವ ಕ್ರಮವೂ ಕಾಣುವುದಿಲ್ಲ. ಯಾರೋ ಬಾಯಿಗೆ ಬಂದಂತೆ ಹೇಳಿದ ಹಾಗಿದೆ.

ಆದರೆ 1ರಿಂದ ಹೊರಟು ಎರಡರಿಂದ ಗುಣಿಸುತ್ತ ಹೋಗಿ: 2, 4, 8, 16, 32... ಮೂವತ್ತೊಂದನೇ ಸಲಕ್ಕೆ 2147483648 ಬರುತ್ತದೆ. ಇದನ್ನು 2ರ 31ನೇ ಘಾತ ಎನ್ನುತ್ತಾರೆ, 2³¹ ಎಂದು ಬರೆಯುತ್ತಾರೆ. ಅದರಲ್ಲಿ ಒಂದು ಕಳೆದರೆ ನಮ್ಮ ಸಂಖ್ಯೆ: 2³¹ − 1.

ಹತ್ತರ ಪದ್ಧತಿಯಲ್ಲಿ 1000ದಿಂದ ಒಂದು ಕಳೆದರೆ 999. ಮೂರು ಮನೆಗಳಲ್ಲೂ ಇರಬಹುದಾದ ಅತಿ ದೊಡ್ಡ ಅಂಕಿ ತುಂಬಿರುತ್ತದೆ. ಕಂಪ್ಯೂಟರು ಬಳಸುವ ದ್ವಿಮಾನ ಪದ್ಧತಿಯಲ್ಲಿ ಇರುವುದು 0 ಮತ್ತು 1 ಎಂಬ ಎರಡೇ ಅಂಕಿ, ಹಾಗಾಗಿ ಅಲ್ಲಿ ಅತಿ ದೊಡ್ಡ ಅಂಕಿ 1. ಅಲ್ಲಿ 2³¹ − 1 ಎಂದರೆ ಸಾಲಾಗಿ ಮೂವತ್ತೊಂದು ಒಂದುಗಳು, ಮತ್ತೇನೂ ಇಲ್ಲ. ಹತ್ತರ ಪದ್ಧತಿಯಲ್ಲಿ ಅಡ್ಡಾದಿಡ್ಡಿಯಾಗಿ ಕಾಣುವ ಸಂಖ್ಯೆ ಎರಡರ ಪದ್ಧತಿಗೆ ಬಂದೊಡನೆ ಇಷ್ಟು ಸರಳವಾಗುತ್ತದೆ. ಮುಂದೆ ಹೇಳುವುದೆಲ್ಲ ಈ ಮೂವತ್ತೊಂದು ಒಂದುಗಳಿಂದಲೇ ಹೊರಡುತ್ತದೆ.

ಒಂದು ಕೂಡಿಸಿದರೆ ಋಣಸಂಖ್ಯೆ ಏಕೆ?

ದ್ವಿಮಾನದ ಒಂದು ಮನೆಯನ್ನು ಬಿಟ್ ಎನ್ನುತ್ತಾರೆ. ಬಹಳ ಕಾಲ ಕಂಪ್ಯೂಟರುಗಳು ಒಂದು ಪೂರ್ಣಾಂಕಕ್ಕೆ 32 ಬಿಟ್ ಜಾಗ ಕೊಡುವುದು ವಾಡಿಕೆಯಾಗಿತ್ತು. ಅಲ್ಲಿ 31 ಎಂಬ ಸಂಖ್ಯೆ ಏಕೆ ಬಂತು, ಮಿಕ್ಕ ಒಂದು ಬಿಟ್ ಎಲ್ಲಿ ಹೋಯಿತು?

ಹಳೆಯ ಸ್ಕೂಟರಿನ ಕಿಲೋಮೀಟರ್ ಮೀಟರನ್ನು ನೆನಪಿಸಿಕೊಳ್ಳಿ. ಐದು ಚಕ್ರಗಳಿವೆ, 00000ದಿಂದ 99999ರವರೆಗೆ ತೋರಿಸುತ್ತದೆ ಎಂದುಕೊಳ್ಳೋಣ. 00000 ಇರುವಾಗ ಒಂದು ಕಿಲೋಮೀಟರ್ ಹಿಂದಕ್ಕೆ ತಿರುಗಿಸಿದರೆ 99999 ಕಾಣುತ್ತದೆ. ಹಾಗಾದರೆ 99999 ಅನ್ನು −1 ಎಂದು, 99998 ಅನ್ನು −2 ಎಂದು ಓದಿಕೊಳ್ಳಬಹುದಲ್ಲ? ಹೀಗೇ ಹಿಂದಕ್ಕೆ ಬರುತ್ತ, ಮೀಟರು ತೋರಿಸುವ ಒಂದು ಲಕ್ಷ ಸಂಖ್ಯೆಗಳಲ್ಲಿ ಅರ್ಧವನ್ನು ಧನಕ್ಕೂ ಅರ್ಧವನ್ನು ಋಣಕ್ಕೂ ಹಂಚಿದರೆ 0ಯಿಂದ 49999ರವರೆಗೆ ಧನ, 50000ದಿಂದ 99999ರವರೆಗೆ ಋಣ. ಈ ಏರ್ಪಾಟಿನಲ್ಲಿ 49999ಕ್ಕೆ ಒಂದು ಕೂಡಿಸಿದರೆ ಮೀಟರು 50000 ತೋರಿಸುತ್ತದೆ, ನಾವು ಅದನ್ನು −50000 ಎಂದು ಓದುತ್ತೇವೆ. ಮೀಟರು ಕೆಟ್ಟಿಲ್ಲ, ಚಕ್ರ ಎಂದಿನಂತೆ ಒಂದು ಹಲ್ಲು ಮುಂದೆ ಹೋಗಿದೆ. ಬದಲಾದದ್ದು ನಮ್ಮ ಓದು.

ಕಂಪ್ಯೂಟರುಗಳು ಋಣಸಂಖ್ಯೆಗಳನ್ನು ಇಟ್ಟುಕೊಳ್ಳುವ ರೀತಿ ಇದೇ. ಅದರಿಂದ ದೊಡ್ಡ ಲಾಭವೂ ಇದೆ: ಕಳೆಯುವುದಕ್ಕೆ ಬೇರೆ ಸರ್ಕ್ಯೂಟ್ ಬೇಕಾಗುವುದಿಲ್ಲ. 5ರಲ್ಲಿ 1 ಕಳೆಯಬೇಕಾದರೆ 00005ಕ್ಕೆ 99999 ಕೂಡಿಸಿ. 100004 ಬರುತ್ತದೆ, ಆರನೇ ಚಕ್ರವಿಲ್ಲದ ಕಾರಣ ಮುಂದಿನ 1 ಬಿದ್ದುಹೋಗಿ 00004 ಉಳಿಯುತ್ತದೆ. ಕೂಡುವ ಯಂತ್ರವೇ ಕಳೆಯಿತು.

32 ಬಿಟ್‌ಗಳಲ್ಲಿ ಒಟ್ಟು 4294967296 ವಿನ್ಯಾಸಗಳು ಸಾಧ್ಯ. ಅದರಲ್ಲಿ ಅರ್ಧ ಸೊನ್ನೆಯಿಂದ 2147483647ರವರೆಗೆ, ಇನ್ನರ್ಧ −1ರಿಂದ −2147483648ರವರೆಗೆ. ಎಡತುದಿಯ ಬಿಟ್ 0 ಆಗಿದ್ದರೆ ಧನ ಅಥವಾ ಸೊನ್ನೆ, 1 ಆಗಿದ್ದರೆ ಋಣ. ಚಿಹ್ನೆಗೆ ಒಂದು ಬಿಟ್ ಹೋಗಿ ಎಣಿಕೆಗೆ ಮೂವತ್ತೊಂದು ಉಳಿದವು. ಆ ಮೂವತ್ತೊಂದೂ ತುಂಬಿದ ಮೇಲೆ ಇನ್ನೊಂದು ಕೂಡಿಸಿದರೆ ದಶಕವು ಚಿಹ್ನೆಯ ಮನೆಗೆ ನುಗ್ಗುತ್ತದೆ, ಲೆಕ್ಕ ಒಮ್ಮೆಲೇ ಋಣದ ತಳಕ್ಕೆ ಬೀಳುತ್ತದೆ.

2038ರ ಆ ಬೆಳಿಗ್ಗೆ

ಯೂನಿಕ್ಸ್ ಎಂಬ ಕಾರ್ಯಾಚರಣ ವ್ಯವಸ್ಥೆ ಮತ್ತು ಅದರ ಸಂತತಿಯವು ಸಮಯವನ್ನು ತಿಂಗಳು, ವಾರ ಎಂದು ಇಟ್ಟುಕೊಳ್ಳುವುದಿಲ್ಲ. 1970ರ ಜನವರಿ 1ರ ಮಧ್ಯರಾತ್ರಿಯಿಂದ, ಅಂದರೆ ಗ್ರೀನಿಚ್ ಲೆಕ್ಕದ ಮಧ್ಯರಾತ್ರಿಯಿಂದ, ಎಷ್ಟು ಸೆಕೆಂಡ್ ಕಳೆಯಿತು ಎಂಬ ಒಂದೇ ಎಣಿಕೆ ಇಟ್ಟುಕೊಳ್ಳುತ್ತವೆ. ದಿನಾಂಕ ಬೇಕಾದಾಗ ಆ ಎಣಿಕೆಯಿಂದ ಲೆಕ್ಕ ಹಾಕುತ್ತವೆ. ಈ ಎಣಿಕೆಗೆ ಮೊದಲಿಗೆ ಕೊಟ್ಟ ಜಾಗ 32 ಬಿಟ್.

2147483647 ಸೆಕೆಂಡುಗಳನ್ನು ದಿನಕ್ಕೆ 86,400ರಂತೆ ಭಾಗಿಸಿ ನೋಡಿ: 24,855 ದಿನ, 3 ಗಂಟೆ, 14 ನಿಮಿಷ, 7 ಸೆಕೆಂಡ್. ಅರವತ್ತೆಂಟು ವರ್ಷ ಮತ್ತು ಸ್ವಲ್ಪ. ಗ್ರೀನಿಚ್ ಲೆಕ್ಕದಲ್ಲಿ ಬೆಳಗಿನ ಜಾವ 3:14:07, ಐದೂವರೆ ಗಂಟೆ ಮುಂದಿರುವ ನಮಗೆ 8:44:07. ಮರುಕ್ಷಣ ಎಣಿಕೆ −2147483648 ಆದರೆ, ಕಂಪ್ಯೂಟರು ಅದನ್ನು 1970ಕ್ಕಿಂತ ಅಷ್ಟು ಸೆಕೆಂಡ್ ಹಿಂದೆ ಎಂದು ಓದುತ್ತದೆ. ಅಂದರೆ 1901ರ ಡಿಸೆಂಬರ್ 13, ಗ್ರೀನಿಚ್ ಲೆಕ್ಕದ ರಾತ್ರಿ 8:45:52.

ತೊಂದರೆ ಕಾಣಲು 2038ರವರೆಗೆ ಕಾಯಲೇಬೇಕೆಂದಿಲ್ಲ. ಮುಂದಿನ ದಿನಾಂಕಗಳನ್ನು ಇವತ್ತೇ ಲೆಕ್ಕ ಹಾಕುವ ತಂತ್ರಾಂಶ, ಉದಾಹರಣೆಗೆ ಸಾಲದ ಕಂತು, ವಿಮೆ, ಪಿಂಚಣಿ ಇವುಗಳದ್ದು, ಹಳೆಯ ಎಣಿಕೆಯನ್ನೇ ಬಳಸುತ್ತಿದ್ದರೆ ಇವತ್ತೇ ಮುಗ್ಗರಿಸುತ್ತದೆ. ಮೈಎಸ್‌ಕ್ಯೂಎಲ್ ಎಂಬ ಜನಪ್ರಿಯ ದತ್ತಸಂಚಯ (ಡೇಟಾಬೇಸ್) ತಂತ್ರಾಂಶದಲ್ಲಿ ‘ಟೈಮ್‌ಸ್ಟಾಂಪ್’ ಎಂಬ ಮಾದರಿಯ ಕಾಲಂ ಇದೆ, ಅದರ ಕೊನೆಯೂ ಇದೇ ಕ್ಷಣ.

ಪರಿಹಾರ ಕಷ್ಟದ್ದಲ್ಲ, ಎಣಿಕೆಗೆ 64 ಬಿಟ್ ಜಾಗ ಕೊಟ್ಟರೆ ಆಯಿತು. ಆಗ ಗಡಿ 2⁶³ − 1, ಹತ್ತೊಂಬತ್ತು ಅಂಕಿಗಳ ಸಂಖ್ಯೆ. ಅಷ್ಟು ಸೆಕೆಂಡುಗಳೆಂದರೆ ಸುಮಾರು 29,200 ಕೋಟಿ ವರ್ಷ, ವಿಶ್ವದ ಈವರೆಗಿನ ವಯಸ್ಸಿನ ಇಪ್ಪತ್ತು ಪಟ್ಟಿಗಿಂತ ಹೆಚ್ಚು. ನಿಮ್ಮ ಕೈಯಲ್ಲಿರುವ ಈಚಿನ ಫೋನ್, ಲ್ಯಾಪ್‌ಟಾಪ್‌ಗಳಲ್ಲಿ ಈ ಬದಲಾವಣೆ ಬಹುಪಾಲು ಆಗಿದೆ. 32 ಬಿಟ್ ಯಂತ್ರಗಳಲ್ಲಿಯೂ 64 ಬಿಟ್ ಸಮಯ ಬಳಸುವ ಅನುಕೂಲ 2020ರಲ್ಲಿ ಬಂದ ಲಿನಕ್ಸ್ 5.6 ಆವೃತ್ತಿಯಿಂದ ಇದೆ. ಚಿಂತೆ ಇರುವುದು ಒಮ್ಮೆ ಕೂರಿಸಿ ಮರೆತುಬಿಟ್ಟ ಸಾಧನಗಳದ್ದು: ಕಾರ್ಖಾನೆಯ ನಿಯಂತ್ರಣ ಪೆಟ್ಟಿಗೆ, ಹಳೆಯ ರೌಟರ್, ಗೋಡೆಯೊಳಗಿನ ಯಾವುದೋ ಸಣ್ಣ ಯಂತ್ರ.

ಈ ಗಡಿಯನ್ನು ಜನ ಆಗಲೇ ಕಂಡಿದ್ದಾರೆ

2014ರ ಡಿಸೆಂಬರ್‌ನಲ್ಲಿ ಈ ಸಂಖ್ಯೆ ಎಲ್ಲರ ಬಾಯಿಗೂ ಬಂತು. ದಕ್ಷಿಣ ಕೊರಿಯಾದ ಗಾಯಕ ಸೈ ಅವರ ‘ಗಂಗ್ನಮ್ ಸ್ಟೈಲ್’ ವಿಡಿಯೊದ ವೀಕ್ಷಣೆ 2147483647 ಮುಟ್ಟಿದಾಗ, ಒಂದು ವಿಡಿಯೊವನ್ನು ಇಷ್ಟು ಸಲ ನೋಡುತ್ತಾರೆಂದು ತಾನು ಎಣಿಸಿರಲಿಲ್ಲ ಎಂದು ಯೂಟ್ಯೂಬ್ ಹೇಳಿಕೊಂಡಿತು. ಎಣಿಕೆಯನ್ನು 64 ಬಿಟ್‌ಗೆ ಬದಲಿಸಿದ ಕೆಲಸ ಅದಕ್ಕೆ ಮೊದಲೇ ಮುಗಿದಿತ್ತು.

ವಿಮಾನದ ಪ್ರಕರಣ ಅಷ್ಟು ತಮಾಷೆಯದ್ದಲ್ಲ. 2015ರಲ್ಲಿ ಅಮೆರಿಕದ ವಿಮಾನಯಾನ ನಿಯಂತ್ರಣ ಸಂಸ್ಥೆ ಎಫ್‌ಎಎ, ಬೋಯಿಂಗ್ 787 ವಿಮಾನಗಳ ಬಗ್ಗೆ ಒಂದು ಆದೇಶ ಹೊರಡಿಸಿತು. ವಿಮಾನದ ವಿದ್ಯುತ್ತನ್ನು ಒಮ್ಮೆಯೂ ಆರಿಸದೆ 248 ದಿನ ಇಟ್ಟರೆ ಜನರೇಟರ್ ನಿಯಂತ್ರಕಗಳೊಳಗಿನ ಒಂದು ಎಣಿಕೆ ಉಕ್ಕಿ, ಅವು ತಮ್ಮಷ್ಟಕ್ಕೆ ಸ್ಥಗಿತಗೊಂಡು ವಿದ್ಯುತ್ ಕಡಿದುಹೋಗಬಹುದು, ಆದ್ದರಿಂದ ಆಗಾಗ ಪೂರ್ತಿ ಆರಿಸಿ ಹೊತ್ತಿಸಿ ಎಂಬುದು ಅದರ ಸಾರ. 248 ಏಕೆ? ಸೆಕೆಂಡಿನ ನೂರನೇ ಒಂದು ಭಾಗವನ್ನು ಒಂದೊಂದಾಗಿ ಎಣಿಸುತ್ತ ಹೋದರೆ 2³¹ ತಲುಪಲು ಬೇಕಾಗುವುದು 248 ದಿನ ಮತ್ತು ಅರ್ಧಕ್ಕಿಂತ ಕೊಂಚ ಹೆಚ್ಚು. ಲೆಕ್ಕ ಸರಿಯಾಗಿ ಕೂಡುತ್ತದೆ. ಈ 248 ಎಂಬ ಅಂಕಿಯನ್ನು ನೆನಪಿಟ್ಟುಕೊಳ್ಳಿ. ಇನ್ನೊಂದು ಕಡೆ, ಇದಕ್ಕೆ ಸಂಬಂಧವೇ ಇಲ್ಲದೆ, ಅದು ಮತ್ತೆ ಎದುರಾಗುತ್ತದೆ.

ಇಲ್ಲಿಯವರೆಗೆ ಹೇಳಿದ್ದರಲ್ಲಿ ಅವಿಭಾಜ್ಯತೆಯ ಮಾತೇ ಬರಲಿಲ್ಲ, ಬರಬೇಕಾಗಿಯೂ ಇಲ್ಲ. ಗಡಿಯಾಗಲು ಸಂಖ್ಯೆ ಅವಿಭಾಜ್ಯವಾಗಿರಬೇಕಿಲ್ಲ. 16 ಬಿಟ್ ಕಾಲದ ಗಡಿ 32767, ಅದು 7ರಿಂದ ಭಾಗವಾಗುತ್ತದೆ. 64 ಬಿಟ್ ಗಡಿಯಾದ 2⁶³ − 1 ಕೂಡ 7ರಿಂದ ಭಾಗವಾಗುತ್ತದೆ. ನಡುವಿನ 32 ಬಿಟ್ ಗಡಿ ಮಾತ್ರ 1 ಮತ್ತು ತನ್ನನ್ನು ಬಿಟ್ಟು ಬೇರೆ ಯಾವುದರಿಂದಲೂ ಭಾಗವಾಗುವುದಿಲ್ಲ. ಇಂಜಿನಿಯರುಗಳು ಇದನ್ನು ಆರಿಸಿಕೊಂಡದ್ದಲ್ಲ, ತಾನಾಗಿ ಒದಗಿ ಬಂದದ್ದು.

ಎರಡರ ಘಾತದಲ್ಲಿ ಒಂದು ಕಳೆದರೆ

ಎರಡರ ಯಾವುದೋ ಘಾತದಲ್ಲಿ ಒಂದು ಕಳೆದು ಬರುವ ಸಂಖ್ಯೆಗಳಿಗೆ ಮರ್ಸೆನ್ ಸಂಖ್ಯೆಗಳೆಂದು ಹೆಸರು. ಮರೆನ್ ಮರ್ಸೆನ್ ಹದಿನೇಳನೇ ಶತಮಾನದ ಫ್ರೆಂಚ್ ಪಾದ್ರಿ. ಇವುಗಳಲ್ಲಿ ಯಾವುವು ಅವಿಭಾಜ್ಯ ಎಂಬುದೇ ಪ್ರಶ್ನೆ.

ಮೊದಲ ಜರಡಿ ಸುಲಭದ್ದು. ಘಾತವೇ ಭಾಗವಾಗುವಂಥದ್ದಾದರೆ ಸಂಖ್ಯೆಯೂ ಭಾಗವಾಗುತ್ತದೆ. 2¹⁵ − 1 ತೆಗೆದುಕೊಳ್ಳಿ. ದ್ವಿಮಾನದಲ್ಲಿ ಅದು ಹದಿನೈದು ಒಂದುಗಳು, ಮೂರು ಮೂರರ ಐದು ಗುಂಪು ಮಾಡಬಹುದು: 111 111 111 111 111. ಹತ್ತರ ಪದ್ಧತಿಯಲ್ಲಿ 999999 ಎಂಬುದು 999ರಿಂದ ಹೇಗೆ ಭಾಗವಾಗುತ್ತದೋ ಹಾಗೆಯೇ ಇದು 111ರಿಂದ, ಅಂದರೆ ನಮ್ಮ 7ರಿಂದ, ಭಾಗವಾಗುತ್ತದೆ. 32767ರ ಗುಟ್ಟು ಇದೇ. 63 ಒಂದುಗಳನ್ನೂ ಮೂರು ಮೂರಾಗಿ ಗುಂಪು ಮಾಡಬಹುದು. 31 ಒಂದುಗಳನ್ನು ಸಮ ಗುಂಪುಗಳಾಗಿ ಹಂಚಲು ಬರುವುದಿಲ್ಲ, ಏಕೆಂದರೆ 31 ಸ್ವತಃ ಅವಿಭಾಜ್ಯ.

ಆದರೆ ಅಷ್ಟೇ ಸಾಲದು. 11 ಅವಿಭಾಜ್ಯವಾದರೂ 2¹¹ − 1 = 2047 = 23 × 89. ಇಂಥ ಹಳ್ಳಕ್ಕೆ ದೊಡ್ಡವರೂ ಬಿದ್ದಿದ್ದಾರೆ. ಇಟಲಿಯ ಪಿಯೆತ್ರೊ ಕತಾಲ್ದಿ 2¹⁷ − 1 ಮತ್ತು 2¹⁹ − 1 ಅವಿಭಾಜ್ಯವೆಂದು ಭಾಗಿಸಿ ನೋಡಿಯೇ ತೋರಿಸಿದ, ಉತ್ಸಾಹದಲ್ಲಿ 23, 29, 31, 37ನೇ ಘಾತಗಳೂ ಹಾಗೆಯೇ ಎಂದುಬಿಟ್ಟ. ನಾಲ್ಕರಲ್ಲಿ 31 ಒಂದೇ ಸರಿ. ಮರ್ಸೆನ್ 1644ರಲ್ಲಿ ಕೊಟ್ಟ ಪಟ್ಟಿಯಲ್ಲೂ 31 ಇತ್ತು, ಅದರ ಜೊತೆಗೆ ತಪ್ಪಾದ 67 ಮತ್ತು 257 ಕೂಡ ಇದ್ದವು. ಊಹೆ ಸರಿಯಾದರೂ ಸಾಧನೆ ಇನ್ನೂ ಆಗಿರಲಿಲ್ಲ.

ಆಯ್ಲರ್ ಹಿಡಿದ ಅಡ್ಡದಾರಿ

ಒಂದು ಸಂಖ್ಯೆ ಅವಿಭಾಜ್ಯವೇ ಎಂದು ನೋಡಲು ಅದರ ವರ್ಗಮೂಲದವರೆಗಿನ ಅವಿಭಾಜ್ಯಗಳಿಂದ ಭಾಗಿಸಿದರೆ ಸಾಕು. ಅದಕ್ಕಿಂತ ದೊಡ್ಡ ಭಾಜಕವಿದ್ದರೆ ಅದರ ಜೋಡಿ ಈಚೆಗಿರಲೇಬೇಕು. 2147483647ರ ವರ್ಗಮೂಲ 46,340ಕ್ಕೂ ಕೊಂಚ ಮೇಲೆ. ಅಲ್ಲಿಯವರೆಗೆ ಸುಮಾರು 4,800 ಅವಿಭಾಜ್ಯ ಸಂಖ್ಯೆಗಳಿವೆ. ಕಾಗದದ ಮೇಲೆ ಹತ್ತಂಕಿಯ ಸಂಖ್ಯೆಯನ್ನು 4,800 ಸಲ ಭಾಗಿಸುವುದು, ಒಂದೂ ತಪ್ಪದೆ!

ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿದ್ದ ಲಿಯೋನಾರ್ಡ್ ಆಯ್ಲರ್ ಈ ಕೆಲಸವನ್ನು ಹನ್ನೆರಡನೇ ಒಂದು ಭಾಗಕ್ಕಿಂತಲೂ ಕಡಿಮೆಗೆ ಇಳಿಸಿದ. ಆಗ ಅವನಿಗೆ ಕಣ್ಣು ಬಹುತೇಕ ಕಾಣದಾಗಿತ್ತು. ಅವನ ಯುಕ್ತಿಯನ್ನು ತುಸು ನಿಧಾನವಾಗಿ ನೋಡುವುದು ಒಳ್ಳೆಯದು, ಇಡೀ ಲೇಖನದಲ್ಲಿ ಅತ್ಯಂತ ಸೊಗಸಾದ ಭಾಗ ಇದೇ.

ಯಾವುದಾದರೊಂದು ಅವಿಭಾಜ್ಯ ಸಂಖ್ಯೆ ಹಿಡಿದು, 1ನ್ನು ದುಪ್ಪಟ್ಟು ಮಾಡುತ್ತ ಹೋಗಿ ಪ್ರತಿ ಸಲವೂ ಆ ಸಂಖ್ಯೆಯಿಂದ ಭಾಗಿಸಿದ ಶೇಷವನ್ನು ಮಾತ್ರ ಉಳಿಸಿಕೊಳ್ಳಿ. 7ಕ್ಕೆ: 1, 2, 4, ಮತ್ತೆ 1. ಮೂರು ಹೆಜ್ಜೆಯ ಸುತ್ತು. 31ಕ್ಕೆ: 1, 2, 4, 8, 16, ಮತ್ತೆ 1. ಐದು ಹೆಜ್ಜೆಯ ಸುತ್ತು. 7ರಲ್ಲಿ ಒಂದು ಕಳೆದರೆ 6, ಅದನ್ನು 3 ಭಾಗಿಸುತ್ತದೆ. 31ರಲ್ಲಿ ಒಂದು ಕಳೆದರೆ 30, ಅದನ್ನು 5 ಭಾಗಿಸುತ್ತದೆ. ಇದು ಆಕಸ್ಮಿಕವಲ್ಲ. ಎರಡನ್ನು ಬಿಟ್ಟು ಯಾವುದೇ ಅವಿಭಾಜ್ಯ ಸಂಖ್ಯೆಗೂ ಸುತ್ತಿನ ಉದ್ದವು ಆ ಸಂಖ್ಯೆಗಿಂತ ಒಂದು ಕಡಿಮೆ ಇರುವುದನ್ನು ಭಾಗಿಸಲೇಬೇಕು. ಇದು ಫರ್ಮಾ ಕಂಡುಕೊಂಡ ನಿಯಮ.

ಈಗ ‘ಕ’ ಎಂಬ ಅವಿಭಾಜ್ಯ ಸಂಖ್ಯೆ 2³¹ − 1 ಅನ್ನು ಭಾಗಿಸುತ್ತದೆ ಎಂದುಕೊಳ್ಳೋಣ. ಹಾಗಿದ್ದರೆ 2³¹ ಅನ್ನು ‘ಕ’ದಿಂದ ಭಾಗಿಸಿದಾಗ ಶೇಷ 1. ಅಂದರೆ ‘ಕ’ದ ಸುತ್ತು ಮೂವತ್ತೊಂದನೇ ಹೆಜ್ಜೆಗೆ 1ಕ್ಕೆ ಮರಳುತ್ತದೆ. ಆದ್ದರಿಂದ ಸುತ್ತಿನ ಉದ್ದ 31 ಅನ್ನು ಭಾಗಿಸಬೇಕು. 31 ಅವಿಭಾಜ್ಯವಾದ್ದರಿಂದ ಉದ್ದ 1 ಅಥವಾ 31. ಒಂದೇ ಹೆಜ್ಜೆಗೆ ಮರಳುವುದು ಅಸಾಧ್ಯ, ಏಕೆಂದರೆ ಮೊದಲ ಹೆಜ್ಜೆಗೆ ಸಿಗುವುದು 2. ಹಾಗಾಗಿ ಉದ್ದ 31. ಫರ್ಮಾನ ನಿಯಮದಂತೆ 31 ಎಂಬುದು ‘ಕ’ಕ್ಕಿಂತ ಒಂದು ಕಡಿಮೆಯಿರುವ ಸಂಖ್ಯೆಯನ್ನು ಭಾಗಿಸಬೇಕು. ‘ಕ’ ಬೆಸ, ಅದರ ಹಿಂದಿನದು ಸಮ. ಆದ್ದರಿಂದ ‘ಕ’ ಎಂದರೆ 62ರ ಮಗ್ಗಿಯಲ್ಲಿ ಬರುವ ಸಂಖ್ಯೆಗಿಂತ ಒಂದು ಹೆಚ್ಚು. 63, 125, 187, 249, 311... ಇವನ್ನು ಬಿಟ್ಟು ಬೇರೆ ಯಾವುದನ್ನೂ ಮುಟ್ಟಬೇಕಾಗಿಲ್ಲ.

ನಂಬಿಕೆ ಬರಲಿಲ್ಲವೇ? ಹಿಂದಿನ ಉದಾಹರಣೆಯಲ್ಲೇ ಪರೀಕ್ಷಿಸಿ. 2¹¹ − 1ರ ಭಾಜಕಗಳು 22ರ ಮಗ್ಗಿಗಿಂತ ಒಂದು ಹೆಚ್ಚಿರಬೇಕು: 23 ಹೌದು, 89 = 88 + 1 ಹೌದು. ಕತಾಲ್ದಿ ಎಡವಿದ 2²³ − 1ಕ್ಕೆ 46ರ ಮಗ್ಗಿ. ಮೊದಲ ಅಭ್ಯರ್ಥಿ 47, ಅದೇ ಭಾಗಿಸುತ್ತದೆ. ಪಾಪ, ಕತಾಲ್ದಿಗೆ ಈ ಸೂತ್ರ ಗೊತ್ತಿದ್ದರೆ ಒಂದೇ ಭಾಗಾಕಾರದಲ್ಲಿ ತಪ್ಪು ಬಯಲಾಗುತ್ತಿತ್ತು.

ಜರಡಿ ಇನ್ನೂ ಒಂದಿದೆ. 2³¹ರ ಶೇಷ 1 ಆದರೆ 2³²ರ ಶೇಷ 2. ಆದರೆ 2³² ಎಂಬುದು 2¹⁶ರ ವರ್ಗ. ಅಂದರೆ ‘ಕ’ದ ಲೆಕ್ಕದಲ್ಲಿ ಒಂದು ವರ್ಗಸಂಖ್ಯೆ 2 ಎಂಬ ಶೇಷ ಕೊಡುತ್ತಿದೆ. ಬೆಸ ಅವಿಭಾಜ್ಯಗಳಲ್ಲಿ 8ರಿಂದ ಭಾಗಿಸಿದಾಗ 1 ಅಥವಾ 7 ಉಳಿಯುವಂಥವಕ್ಕೆ ಮಾತ್ರ ಹೀಗೆ ಆಗುತ್ತದೆ ಎಂಬುದು ಇನ್ನೊಂದು ನಿಯಮ. ಅಲ್ಲಿಗೆ 125 (ಶೇಷ 5) ಹೋಯಿತು, 187 (ಶೇಷ 3) ಹೋಯಿತು. ಎರಡೂ ನಿಯಮಗಳನ್ನು ಸೇರಿಸಿದರೆ ಉಳಿಯುವುದು 248ರ ಮಗ್ಗಿಗೆ 1 ಕೂಡಿಸಿದವು ಮತ್ತು 63 ಕೂಡಿಸಿದವು ಮಾತ್ರ. ಬೋಯಿಂಗ್‌ನ 248 ಇಲ್ಲಿ ಮತ್ತೆ ಬಂತು! ಇಲ್ಲಿ ಅದು 8 × 31, ಅಲ್ಲಿ ದಿನಗಳ ಲೆಕ್ಕ, ಶುದ್ಧ ಕಾಕತಾಳೀಯ.

46,340ರ ಒಳಗೆ ಇಂಥ ಅಭ್ಯರ್ಥಿಗಳು 372, ಕಣ್ಣಿಗೇ 9ರಿಂದ ಭಾಗವಾಗುವ 63 ಅನ್ನು ಬಿಟ್ಟು. ಅವುಗಳಲ್ಲೂ 249 (3 × 83), 497 (7 × 71), 559 (13 × 43) ಹೀಗೆ ಬಹಳಷ್ಟು ತಾವೇ ಭಾಗವಾಗುವವು, ಅವನ್ನೂ ಬಿಡಬಹುದು. ನಿಜವಾಗಿ ಪರೀಕ್ಷಿಸಬೇಕಾದ ಮೊದಲ ಸಂಖ್ಯೆ 311. ಭಾಗಿಸಿ ನೋಡಿ: 311 × 6905092 = 2147483612, ಶೇಷ 35. ಭಾಗವಾಗಲಿಲ್ಲ. ಮುಂದಿನದು 1303. ಹೀಗೆ ಕೊನೆಯವರೆಗೂ ಹೋದರೆ ಯಾವುದೂ ಭಾಗಿಸುವುದಿಲ್ಲ. 1772ರಲ್ಲಿ ಬರ್ನೂಲಿಗೆ ಬರೆದ ಪತ್ರದಲ್ಲಿ ಆಯ್ಲರ್ ಈ ಫಲಿತಾಂಶ ತಿಳಿಸಿದ.

ಅದಕ್ಕೆ ಹಿಂದಿನ ದಾಖಲೆ 6700417 ಎಂಬ ಅವಿಭಾಜ್ಯದ್ದು. ಅದು ಸಿಕ್ಕಿದ್ದೂ ಆಯ್ಲರ್‌ಗೇ: 1732ರಲ್ಲಿ ಅವನು 2³² + 1 ಎಂಬುದನ್ನು 641 × 6700417 ಎಂದು ಒಡೆದಿದ್ದ.

‘ಇನ್ನು ಮುಂದೆ ಯಾರೂ ಹುಡುಕುವುದಿಲ್ಲ’

1811ರಲ್ಲಿ ಪೀಟರ್ ಬಾರ್ಲೋ ಎಂಬ ಇಂಗ್ಲಿಷ್ ಗಣಿತಜ್ಞ ಈ ಸಂಖ್ಯೆಯಿಂದ ಹುಟ್ಟುವ ಪರಿಪೂರ್ಣ ಸಂಖ್ಯೆಯ ಬಗ್ಗೆ ಬರೆಯುತ್ತ, ಬಹುಶಃ ಇದಕ್ಕಿಂತ ದೊಡ್ಡದು ಎಂದೂ ಸಿಗಲಾರದು, ಇವು ಕುತೂಹಲಕ್ಕಷ್ಟೇ ಹೊರತು ಉಪಯೋಗಕ್ಕಲ್ಲವಾದ್ದರಿಂದ ಯಾರೂ ಮುಂದೆ ಹುಡುಕಲು ಹೋಗುವುದಿಲ್ಲ ಎಂಬರ್ಥದ ಮಾತು ಬರೆದ. ಹುಡುಕಾಟ ಇವತ್ತಿಗೂ ನಿಂತಿಲ್ಲ.

ಪರಿಪೂರ್ಣ ಸಂಖ್ಯೆ ಎಂದರೆ ತನ್ನನ್ನು ಬಿಟ್ಟು ಉಳಿದ ಭಾಜಕಗಳ ಮೊತ್ತಕ್ಕೆ ಸಮನಾದದ್ದು. 6 = 1 + 2 + 3. 28 = 1 + 2 + 4 + 7 + 14. ಪ್ರತಿಯೊಂದು ಮರ್ಸೆನ್ ಅವಿಭಾಜ್ಯವೂ ಇಂಥ ಒಂದನ್ನು ಕೊಡುತ್ತದೆ ಎಂದು ಯೂಕ್ಲಿಡ್ ತೋರಿಸಿದ್ದ: 3ನ್ನು 2ರಿಂದ ಗುಣಿಸಿದರೆ 6, 7ನ್ನು 4ರಿಂದ ಗುಣಿಸಿದರೆ 28. ನಮ್ಮ ಸಂಖ್ಯೆ ಎಂಟನೆಯ ಮರ್ಸೆನ್ ಅವಿಭಾಜ್ಯ. ಅದನ್ನು 2³⁰ರಿಂದ ಗುಣಿಸಿದರೆ ಎಂಟನೆಯ ಪರಿಪೂರ್ಣ ಸಂಖ್ಯೆ: 2305843008139952128. ಸಮಸಂಖ್ಯೆಗಳಲ್ಲಿ ಪರಿಪೂರ್ಣವಾದವು ಎಲ್ಲವೂ ಹೀಗೆಯೇ ಹುಟ್ಟುತ್ತವೆ ಎಂದು ಸಾಧಿಸಿದ್ದು ಮತ್ತೆ ಆಯ್ಲರ್.

ಭಾಜಕಗಳನ್ನು ಹುಡುಕದೆಯೇ ಅವಿಭಾಜ್ಯತೆ ತಿಳಿಯುವ ಪರೀಕ್ಷೆ ಆಮೇಲೆ ಬಂತು. ಫ್ರಾನ್ಸಿನ ಎದ್ವಾರ್ ಲೂಕಾ ಆರಂಭಿಸಿದ್ದನ್ನು ಅಮೆರಿಕದ ಡಿ. ಎಚ್. ಲೆಹ್ಮರ್ 1930ರ ದಶಕದಲ್ಲಿ ಪೂರ್ಣಗೊಳಿಸಿದರು. 4ರಿಂದ ಹೊರಡಿ, ವರ್ಗ ಮಾಡಿ, 2 ಕಳೆಯಿರಿ, ಪರೀಕ್ಷಿಸಬೇಕಾದ ಸಂಖ್ಯೆಯಿಂದ ಭಾಗಿಸಿ ಶೇಷ ಉಳಿಸಿಕೊಳ್ಳಿ. ಘಾತಕ್ಕಿಂತ ಎರಡು ಕಡಿಮೆ ಸಲ ಹೀಗೆ ಮಾಡಿದಾಗ ಸೊನ್ನೆ ಬಂದರೆ ಅವಿಭಾಜ್ಯ, ಬಾರದಿದ್ದರೆ ಅಲ್ಲ. 2⁵ − 1 = 31ಕ್ಕೆ ಮೂರು ಸಲ: 4ರಿಂದ 14; 14ರಿಂದ 194, ಶೇಷ 8; 8ರಿಂದ 62, ಶೇಷ 0. ಆಯಿತು. 2³¹ − 1ಕ್ಕೆ ಇಪ್ಪತ್ತೊಂಬತ್ತು ಸಲ ಸಾಕು.

2024ರ ಅಕ್ಟೋಬರ್‌ನಲ್ಲಿ ಘೋಷಿಸಿದ ದಾಖಲೆಯ ಸಂಖ್ಯೆಯೂ ಇದೇ ಮನೆತನದ್ದು. 2ರ ಘಾತ 136279841, ಅದರಲ್ಲಿ ಒಂದು ಕಡಿಮೆ. ಬರೆದರೆ ನಾಲ್ಕು ಕೋಟಿ ಹತ್ತು ಲಕ್ಷಕ್ಕೂ ಹೆಚ್ಚು ಅಂಕಿ.

ಎರಡು ಗುಣಗಳೂ ಒಟ್ಟಿಗೆ ಕೆಲಸಕ್ಕೆ ಬಂದದ್ದು

ಗಡಿಯಾಗಿರುವುದಕ್ಕೂ ಅವಿಭಾಜ್ಯವಾಗಿರುವುದಕ್ಕೂ ಸಂಬಂಧವಿಲ್ಲ ಎಂದೆ. ಆದರೂ ಎರಡೂ ಒಂದೇ ಸಂಖ್ಯೆಯಲ್ಲಿ ಸೇರಿದ್ದರಿಂದ ಒಂದು ಕಡೆ ದೊಡ್ಡ ಅನುಕೂಲವಾಯಿತು: ಕಂಪ್ಯೂಟರಿನಲ್ಲಿ ಯಾದೃಚ್ಛಿಕ ಸಂಖ್ಯೆಗಳನ್ನು, ಅಂದರೆ ಊಹೆಗೆ ಸಿಗದಂತೆ ಕಾಣುವ ಸಂಖ್ಯೆಗಳನ್ನು, ಹುಟ್ಟಿಸುವಲ್ಲಿ.

ವಿಧಾನ ಮೇಲೆ ಹೇಳಿದ ಲೆಹ್ಮರ್ ಅವರದ್ದೇ. ಒಂದು ಸಂಖ್ಯೆ ಹಿಡಿದು, ಗೊತ್ತಾದ ಗುಣಕದಿಂದ ಗುಣಿಸಿ, ಗೊತ್ತಾದ ಭಾಜಕದಿಂದ ಭಾಗಿಸಿ ಶೇಷ ತೆಗೆದುಕೊಳ್ಳುವುದು. ಆ ಶೇಷವನ್ನೇ ಮತ್ತೆ ಗುಣಿಸುವುದು. ಭಾಜಕ 7, ಗುಣಕ 3 ಆದರೆ: 1, 3, 2, 6, 4, 5, ಮತ್ತೆ 1. ಸೊನ್ನೆ ಬಿಟ್ಟು ಆರೂ ಶೇಷಗಳು ಬಂದವು. ಗುಣಕ 2 ಆದರೆ 1, 2, 4ಕ್ಕೇ ಸುತ್ತು ಮುಗಿಯಿತು. ಭಾಜಕ ಅವಿಭಾಜ್ಯವಾಗಿದ್ದರೆ ಎಲ್ಲ ಶೇಷಗಳನ್ನೂ ಸುತ್ತಿಬರುವ ಗುಣಕ ಇದ್ದೇ ಇರುತ್ತದೆ.

1969ರಲ್ಲಿ ಐಬಿಎಂನ ಸಿಸ್ಟಂ/360 ಯಂತ್ರಗಳಿಗಾಗಿ ಆರಿಸಿದ ಭಾಜಕ 2147483647, ಗುಣಕ 16807, ಅಂದರೆ 7ರ ಐದನೇ ಘಾತ. 1ರಿಂದ ಹೊರಟರೆ 16807, 282475249, 1622650073 ಎಂದು ಸಾಗಿ, ಇನ್ನೂರ ಹದಿನಾಲ್ಕು ಕೋಟಿಗೂ ಮಿಕ್ಕಿದ ಎಲ್ಲ ಶೇಷಗಳನ್ನೂ ಒಂದೊಂದೇ ಸಲ ಮುಟ್ಟಿ ಆಮೇಲೆ 1ಕ್ಕೆ ಮರಳುತ್ತದೆ. ಭಾಜಕ ಅವಿಭಾಜ್ಯವಾದ್ದರಿಂದ ಸುತ್ತು ಪೂರ್ಣ. ಅದೇ 32 ಬಿಟ್ ಗಡಿಯಾದ್ದರಿಂದ ಬರುವ ಯಾವ ಶೇಷವೂ ಆ ಜಾಗವನ್ನು ಮೀರುವುದಿಲ್ಲ, ಜಾಗವೂ ವ್ಯರ್ಥವಾಗುವುದಿಲ್ಲ.

ಶೇಷ ತೆಗೆಯುವುದೂ ಸಲೀಸು. 9ರಿಂದ ಭಾಗಿಸಿದ ಶೇಷ ಬೇಕಾದರೆ ನಾವು ಅಂಕಿಗಳನ್ನು ಕೂಡುತ್ತೇವಲ್ಲ, 10 ಎಂಬುದು 9ಕ್ಕಿಂತ ಒಂದೇ ಹೆಚ್ಚು ಎಂಬ ಕಾರಣಕ್ಕೆ ಅದು ನಡೆಯುತ್ತದೆ. ಇಲ್ಲಿ 2³¹ ಎಂಬುದು ಭಾಜಕಕ್ಕಿಂತ ಒಂದೇ ಹೆಚ್ಚು. ಗುಣಲಬ್ಧದ ಬಿಟ್‌ಗಳನ್ನು ಬಲದಿಂದ ಮೂವತ್ತೊಂದಕ್ಕೆ ಕತ್ತರಿಸಿ ಎರಡು ತುಂಡುಗಳನ್ನೂ ಕೂಡಿದರೆ ಸಾಕು, ಭಾಗಾಕಾರವೇ ಬೇಡ. 1988ರಲ್ಲಿ ಪಾರ್ಕ್ ಮತ್ತು ಮಿಲ್ಲರ್ ಎಂಬ ಸಂಶೋಧಕರು ಈ ಭಾಜಕ, ಈ ಗುಣಕದ ವಿಧಾನವನ್ನು ಕನಿಷ್ಠ ಮಾನದಂಡವೆಂದು ಸೂಚಿಸಿದರು. ಸಿ ಪ್ಲಸ್ ಪ್ಲಸ್ ಎಂಬ ಪ್ರೋಗ್ರಾಮಿಂಗ್ ಭಾಷೆಯ ಜೊತೆಗೆ ಬರುವ ಸಿದ್ಧ ಸೂತ್ರಗಳ ಸಂಗ್ರಹದಲ್ಲಿ (ಲೈಬ್ರರಿ) ಅದು ಈಗಲೂ ಇದೆ. ಪಾಸ್‌ವರ್ಡ್, ಓಟಿಪಿಯಂಥ ಗುಟ್ಟಿನ ಕೆಲಸಕ್ಕೆ ಮಾತ್ರ ಇದನ್ನು ಬಳಸಬಾರದು: ಒಂದು ಸಂಖ್ಯೆ ಗೊತ್ತಾದರೆ ಮುಂದಿನವೆಲ್ಲ ಗೊತ್ತಾದಂತೆಯೇ.

ಏಣಿಯ ಮುಂದಿನ ಮೆಟ್ಟಿಲು

5 ಅವಿಭಾಜ್ಯ. 2⁵ − 1 = 31, ಅದೂ ಅವಿಭಾಜ್ಯ. 2³¹ − 1, ಅದೂ ಅವಿಭಾಜ್ಯ. ಹೀಗೆ ಮರ್ಸೆನ್ ಅವಿಭಾಜ್ಯವನ್ನೇ ಘಾತವಾಗಿಟ್ಟಾಗಲೂ ಅವಿಭಾಜ್ಯ ಬರುವಂಥವು ಗೊತ್ತಿರುವುದು ನಾಲ್ಕೇ: 7, 127, ನಮ್ಮ 2147483647, ಮತ್ತು 2¹²⁷ − 1. ಹಾಗಾದರೆ 2147483647ನ್ನೇ ಘಾತವಾಗಿಟ್ಟು ಒಂದು ಕಳೆದರೆ?

ಆ ಸಂಖ್ಯೆಯಲ್ಲಿ ಸುಮಾರು 64.6 ಕೋಟಿ ಅಂಕಿಗಳಿರುತ್ತವೆ, ಈಗಿನ ದಾಖಲೆಯ ಹೆಚ್ಚುಕಡಿಮೆ ಹದಿನಾರು ಪಟ್ಟು. ಅದನ್ನು ಪೂರ್ತಿ ಬರೆಯದೆಯೇ, ಆಯ್ಲರ್‌ನ ಸೂತ್ರ ಹಿಡಿದು ಭಾಜಕ ಹುಡುಕಬಹುದು: ಇದ್ದರೆ ಅದು 2147483647ರ ದುಪ್ಪಟ್ಟಿನ ಮಗ್ಗಿಗಿಂತ ಒಂದು ಹೆಚ್ಚಿರಬೇಕು. ಆ ಮಗ್ಗಿಯಲ್ಲಿ 68,745ನೆಯದಕ್ಕೆ ಒಂದು ಕೂಡಿಸಿದರೆ 295257526626031 ಬರುತ್ತದೆ. ಅದು ಶೇಷವಿಲ್ಲದೆ ಭಾಗಿಸುತ್ತದೆ.